ಕಾವಲು ಕ್ಯಾಮೆರಾ ಕಾಣಬಾರದ್ದು

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಚರ್ಚ್ ಸೇವಕರ ಮೊಬೈಲ್ 214 ಬಾರಿ ಸದ್ದು ಮಾಡಿತು. ಮರುದಿನ ಬೆಳಗಿನ ಬಲಿಪೂಜೆಗೆ ಗಂಟೆ ಬಾರಿಸಲು ಬಂದವರ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. "ಫಾದರ್, ರಾತ್ರಿಯಿಡೀ ಗ್ರೊಟ್ಟೊ ಹತ್ತಿರ ಯಾರೋ ಓಡಾಡುತ್ತಿದ್ದಾರೆಂದು ತೋರಿಸುತ್ತದೆ. ಕೊಡೆ ಹಿಡಿದು ಮೂರು ಸಲ ಹೋಗಿ ನೋಡಿದೆ. ಒಂದು ನಾಯಿಯೂ ಇಲ್ಲ" ಎಂದರು. ಹಗಲಿನಲ್ಲಿ ಏಣಿ ಹತ್ತಿ ನೋಡಿದಾಗ ಅಪರಾಧಿ ಸಿಕ್ಕಿತು. ಕ್ಯಾಮೆರಾದ ಗಾಜಿನ ಮುಂದೆ ಒಂದು ಜೇಡ ಬಲೆ ಹೆಣೆದು ಸುಖವಾಗಿ ಕುಳಿತಿತ್ತು.

ಇದರ ಹಿನ್ನೆಲೆಯನ್ನು ಹೇಳಬೇಕು. ಅದಕ್ಕೂ ಎರಡು ತಿಂಗಳ ಹಿಂದೆ ಗ್ರೊಟ್ಟೊದ ಕಾಣಿಕೆ ಡಬ್ಬಿಯನ್ನು ಯಾರೋ ಕಿತ್ತೊಯ್ದಿದ್ದರು. ಪಾಲನಾ ಮಂಡಳಿಯು ಸಭೆ ಸೇರಿ, ಚರ್ಚಿನ ಒಳಗೂ ಹೊರಗೂ ಎಂಟು ನೆಟ್‌ವರ್ಕ್ ಕ್ಯಾಮೆರಾಗಳನ್ನು ಅಳವಡಿಸಲು ನಿರ್ಣಯಿಸಿತು. (ಡಬ್ಬಿಯಲ್ಲಿದ್ದ ಹಣಕ್ಕಿಂತ ಕ್ಯಾಮೆರಾಗಳ ಬೆಲೆ ಎಷ್ಟು ಪಾಲು ಹೆಚ್ಚೆಂದು ನಮ್ಮ ಕೋಶಾಧಿಕಾರಿಗಳು ಹೇಳಿದ್ದನ್ನು ಇಲ್ಲಿ ದಾಖಲಿಸದಿರುವುದೇ ಲೇಸು.) ಅಳವಡಿಸಲು ಬಂದ ಯುವಕರು ಒಂದೇ ದಿನದಲ್ಲಿ ತಂತಿ ಎಳೆದು, ಮಂಡಳಿಯ ಹನ್ನೊಂದು ಮಂದಿಯ ಮೊಬೈಲಿಗೂ ಆ್ಯಪ್ ಹಾಕಿಕೊಟ್ಟು, ಚಹಾ ಕುಡಿದು ಹೊರಟುಹೋದರು. ಕಾರ್ಖಾನೆಯಿಂದ ಬಂದ ಸೆಟ್ಟಿಂಗ್‌ಗಳು ಬಂದ ಹಾಗೆಯೇ ಉಳಿದವು. ಅವುಗಳನ್ನು ತೆರೆದು ನೋಡುವುದು ನಮ್ಮ ಕೆಲಸವೆಂದು ನಮಗೂ ಹೊಳೆಯಲಿಲ್ಲ.

ಜೇಡನ ಪ್ರಕರಣದ ನಂತರ ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ಮೊಬೈಲಿನ ಎಚ್ಚರಿಕೆ ಸದ್ದನ್ನು ನಿಲ್ಲಿಸಿದರು. ಮೂರನೆಯ ವಾರ ನಿಜವಾದ ಕಳ್ಳನೇ ಬಂದ. ಹನ್ನೊಂದು ಮೊಬೈಲುಗಳಿಗೂ ಸಂದೇಶ ಹೋಗಿತ್ತು. ಯಾರೂ ಏಳಲಿಲ್ಲ.

ಇನ್ನೂ ಕೆಟ್ಟದ್ದು ಮುಂದಿತ್ತು. ರೆಕಾರ್ಡರ್‌ನಲ್ಲಿ ಮಳೆಕೋಟಿನ ಟೊಪ್ಪಿ ಎಳೆದುಕೊಂಡ ಒಂದು ಆಕೃತಿ ಕಂಡಿತು. ಮುಖವಿಲ್ಲ. ಮೂಲೆಯಲ್ಲಿ ಸಮಯ ಮಾತ್ರ ಸ್ಪಷ್ಟವಾಗಿ 4 ಗಂಟೆ 40 ನಿಮಿಷ. ಆ ಹೊತ್ತಿಗೆ ಮಳೆಕೋಟು ತೊಟ್ಟು ಆ ದಾರಿಯಲ್ಲಿ ಹೋಗುವವನು ಹಾಲಿನ ಸೊಸೈಟಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಮಾತ್ರ. ಎರಡು ದಿನ ಊರಿನ ನಾಲಗೆ ಅವನ ಮೇಲೆ ಹೊರಳಿತು. ಮೂರನೆಯ ದಿನ ಕಾಲೇಜಿನ ವಿದ್ಯಾರ್ಥಿಯೊಬ್ಬ ನೇರ ವೀಕ್ಷಣೆಯ ಪರದೆಯನ್ನೂ ತನ್ನ ಕೈಗಡಿಯಾರವನ್ನೂ ನೋಡಿ, "ಫಾದರ್, ಇದು ಎರಡೂವರೆ ಗಂಟೆ ಮುಂದಿದೆ" ಎಂದ. ಕ್ಯಾಮೆರಾ ತಾನು ಹುಟ್ಟಿದ ಚೀನಾ ದೇಶದ ಸಮಯವನ್ನೇ ತೋರಿಸುತ್ತಿತ್ತು. ಅಂದರೆ ಕಳ್ಳ ಬಂದದ್ದು 2 ಗಂಟೆ 10 ನಿಮಿಷಕ್ಕೆ, ಹಾಲಿನ ಹುಡುಗ ಮನೆಯಲ್ಲಿ ನಿದ್ರಿಸುತ್ತಿದ್ದಾಗ. ನಾವು ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವನ ತಾಯಿ ನಮಗೆ ಕಾಫಿ ಕೊಟ್ಟರು, ಮಾತಾಡಲಿಲ್ಲ. ಆ ಮೇಲೆ ನಾವು ಮೊದಲು ಮಾಡಿದ ಕೆಲಸವೆಂದರೆ ಗಡಿಯಾರದ ವಲಯವನ್ನು ಭಾರತಕ್ಕೆ, ಎಂದರೆ ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದಕ್ಕೆ ಬದಲಾಯಿಸಿ, ಅದು ಅಂತರ್ಜಾಲದ ಸಮಯ ಸೇವೆಯಿಂದ ತನ್ನನ್ನು ತಾನೇ ಸರಿಪಡಿಸಿಕೊಳ್ಳುವಂತೆ ಮಾಡಿದ್ದು. ಮನೆಯಲ್ಲಿ ಕ್ಯಾಮೆರಾ ಇರುವವರು ಈ ಬರೆಹವನ್ನು ಅರ್ಧಕ್ಕೆ ಬಿಟ್ಟಾದರೂ ಮೊದಲು ಅದನ್ನು ನೋಡಿಕೊಳ್ಳಲಿ.

ಆನಂತರ ನಾವು ಕೈಪಿಡಿಯನ್ನು ಮುಂದಿಟ್ಟುಕೊಂಡು ಕುಳಿತೆವು. ಗುರುಮಠದಲ್ಲಿ ತತ್ವಶಾಸ್ತ್ರ ಓದಿದವರಿಗೆ ಝೀನೋ ಎಂಬ ಗ್ರೀಕ್ ಚಿಂತಕನ ಬಾಣದ ಒಗಟು ನೆನಪಿರುತ್ತದೆ. ಹಾರುವ ಬಾಣ ಪ್ರತಿಯೊಂದು ಕ್ಷಣದಲ್ಲೂ ಒಂದೆಡೆ ನಿಂತೇ ಇರುತ್ತದೆ, ಹಾಗಾದರೆ ಅದು ಚಲಿಸುವುದು ಯಾವಾಗ ಎಂದು ಆತ ಕೇಳಿದ್ದ. ಕ್ಯಾಮೆರಾ ಅಕ್ಷರಶಃ ಝೀನೋನ ಶಿಷ್ಯ. ಅದಕ್ಕೆ ಚಲನೆ ಕಾಣುವುದಿಲ್ಲ, ನಿಶ್ಚಲ ಚಿತ್ರಗಳು ಮಾತ್ರ ಕಾಣುತ್ತವೆ. ಒಂದು ಚಿತ್ರವನ್ನು ಅದರ ಹಿಂದಿನದರೊಡನೆ ಹೋಲಿಸಿ, ಎಲ್ಲಿ ಬೆಳಕಿನ ಪ್ರಮಾಣ ಬದಲಾಗಿದೆಯೋ ಅಲ್ಲಿ ಏನೋ ಚಲಿಸಿತೆಂದು ಅದು ಊಹಿಸುತ್ತದೆ. ಮೋಡ ಸರಿದು ಬಿಸಿಲು ಬಿದ್ದರೂ, ತೆಂಗಿನ ಗರಿ ಅಲ್ಲಾಡಿದರೂ, ರಸ್ತೆಯ ವಾಹನದ ದೀಪ ಗೋಡೆಯ ಮೇಲೆ ಹಾದುಹೋದರೂ ಅದರ ಮಟ್ಟಿಗೆ ಎಲ್ಲವೂ ಒಂದೇ. ರಾತ್ರಿ ಕ್ಯಾಮೆರಾ ತನ್ನದೇ ಅವಕೆಂಪು ದೀಪಗಳನ್ನು ಉರಿಸಿಕೊಂಡು ನೋಡುವುದರಿಂದ, ಗಾಜಿನ ಬಳಿಯ ಹುಳವಾಗಲಿ ಮಳೆಹನಿಯಾಗಲಿ ಆ ಬೆಳಕಿಗೆ ಬೆಳ್ಳಗೆ ಹೊಳೆದು ಪರದೆಯ ಕಾಲು ಭಾಗವನ್ನು ತುಂಬಿಬಿಡುತ್ತದೆ. ನಮ್ಮ 214 ಕಳ್ಳರು ಹುಟ್ಟಿದ್ದು ಹೀಗೆ.

ಈ ಊಹೆಯನ್ನು ತಿದ್ದಲು ಮುಖ್ಯವಾಗಿ ಮೂರು ಕೀಲಿಗಳಿವೆ. ಬೆಳಕು ಎಷ್ಟು ಬದಲಾದರೆ ಬದಲಾವಣೆಯೆಂದು ಎಣಿಸಬೇಕು ಎಂಬುದು ಒಂದು, ಇದನ್ನು ಸೆನ್ಸಿಟಿವಿಟಿ ಎನ್ನುತ್ತಾರೆ. ಚಿತ್ರದ ಎಷ್ಟು ಭಾಗ ಬದಲಾದರೆ ಎಚ್ಚರಿಸಬೇಕು ಎಂಬುದು ಇನ್ನೊಂದು, ಅದು ಥ್ರೆಶೋಲ್ಡ್. ಕೆಲವು ಕ್ಯಾಮೆರಾಗಳಲ್ಲಿ ಇವೆರಡನ್ನೂ ಸೇರಿಸಿ ಒಂದೇ ಅಂಕಿಯಾಗಿ ಕೊಟ್ಟಿರುತ್ತಾರೆ. ಚಿತ್ರದ ಯಾವ ಜಾಗವನ್ನು ಗಮನಿಸಬೇಕು ಎಂಬುದು ಮೂರನೆಯದು. ಪರದೆಯ ಮೇಲೆ ಚೌಕುಳಿ ಗೆರೆಗಳು ಮೂಡುತ್ತವೆ, ಬೇಕಾದ ಚೌಕಗಳನ್ನು ಬಣ್ಣ ತುಂಬಿ ಆರಿಸಬೇಕು. ನಾವು ತೆಂಗಿನ ಮರವನ್ನೂ ರಸ್ತೆಯನ್ನೂ ಬಿಟ್ಟು, ಡಬ್ಬಿಯ ಸುತ್ತಲಿನ ಚೌಕಗಳನ್ನು ಮಾತ್ರ ಇಟ್ಟುಕೊಂಡೆವು. ಸೆನ್ಸಿಟಿವಿಟಿಯನ್ನು ಅರ್ಧಕ್ಕಿಳಿಸಿದೆವು. ಎಚ್ಚರಿಕೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮಾತ್ರ ಎಂದು ವೇಳಾಪಟ್ಟಿ ಕೊಟ್ಟೆವು. ಹತ್ತು ದಿನ ದಿನವೂ ನೋಡಿ ತಿದ್ದಿದ ಮೇಲೆ ರಾತ್ರಿಗೆ ಒಂದೆರಡು ಸಂದೇಶಗಳಿಗೆ ಬಂದು ನಿಂತಿತು. ಬಲೆ ತೆಗೆಯುವ ಉದ್ದ ಕೋಲಿನ ಪೊರಕೆ ಈಗ ನಮ್ಮ ಭದ್ರತಾ ವ್ಯವಸ್ಥೆಯ ಅವಿಭಾಜ್ಯ ಅಂಗ.

ಚಲನೆ ಪತ್ತೆಗೆ ಇನ್ನೊಂದು ಉಪಯೋಗವೂ ಉಂಟು. ನಮ್ಮ ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ದಿನವಿಡೀ ಬರೆದರೆ ಸುಮಾರು 43 ಗಿಗಾಬೈಟ್ ಆಗುತ್ತದೆ. ಎಂಟಕ್ಕೆ 345. ನಾವು ಕೊಂಡ 4,000 ಗಿಗಾಬೈಟ್‌ನ ಡಿಸ್ಕ್ ಹನ್ನೊಂದೇ ದಿನಗಳಲ್ಲಿ ತುಂಬಿ ಹಳೆಯದನ್ನು ಅಳಿಸತೊಡಗುತ್ತದೆ. ಚಲನೆ ಇದ್ದಾಗ ಮಾತ್ರ, ಅದರ ಹಿಂದಿನ ಐದು ಸೆಕೆಂಡುಗಳನ್ನೂ ಸೇರಿಸಿ ಬರೆಯುವಂತೆ ಹೊಂದಿಸಿದ ಮೇಲೆ ತಿಂಗಳಿಗೂ ಮಿಕ್ಕಿದ ದೃಶ್ಯ ಉಳಿಯುತ್ತದೆ. ಗ್ರೊಟ್ಟೊದ ಕ್ಯಾಮೆರಾವನ್ನು ಮಾತ್ರ ಭಯದಿಂದ ಹಗಲಿರುಳೂ ಬರೆಯಲು ಬಿಟ್ಟಿದ್ದೆವು.

ನೇರ ವೀಕ್ಷಣೆಯ ವಿಷಯಕ್ಕೆ ಬರೋಣ. ದೂರದಲ್ಲಿ ಕುಳಿತು ಒಂದು ಜಾಗವನ್ನು ನೋಡುವ ಈ ಪದ್ಧತಿಯ ಮೂಲ ಬಹಳ ನಿರುಪದ್ರವಿ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದವರು, ಮಹಡಿ ಹತ್ತಿ ಬಂದಾಗ ಕಾಫಿ ಪಾತ್ರೆ ಖಾಲಿಯಿರುವ ನಿರಾಶೆಯನ್ನು ತಪ್ಪಿಸಿಕೊಳ್ಳಲು ಪಾತ್ರೆಯ ಮುಂದೆ ಕ್ಯಾಮೆರಾ ಇಟ್ಟು ತಮ್ಮ ಗಣಕಗಳಿಗೆ ಜೋಡಿಸಿದರು. 1993ರಲ್ಲಿ ಅದು ಅಂತರ್ಜಾಲಕ್ಕೂ ಬಂದು, 2001ರಲ್ಲಿ ನಿಲ್ಲುವವರೆಗೆ ಲೋಕವೆಲ್ಲ ಆ ಕಾಫಿ ಪಾತ್ರೆಯನ್ನು ನೋಡಿತು. ತಾನೇ ಜಾಲಕ್ಕೆ ಸೇರಿಕೊಳ್ಳುವ ಮೊದಲ ಕ್ಯಾಮೆರಾವನ್ನು ಸ್ವೀಡನ್ನಿನ ಆಕ್ಸಿಸ್ ಕಂಪೆನಿ 1996ರಲ್ಲಿ ಮಾರುಕಟ್ಟೆಗೆ ತಂದಿತು. ಇಂದಿನವು ಒಂದೇ ದೃಶ್ಯವನ್ನು ಎರಡು ಧಾರೆಗಳಾಗಿ ಕಳುಹಿಸುತ್ತವೆ. ದಪ್ಪ ಧಾರೆ ರೆಕಾರ್ಡರ್‌ಗೆ, ತೆಳು ಧಾರೆ ಮೊಬೈಲಿಗೆ. ನಮ್ಮಂತಹ ಹಳ್ಳಿಯ ಇಂಟರ್ನೆಟ್‌ನಲ್ಲಿ ಚಿತ್ರ ನಿಂತು ನಿಂತು ಬರುತ್ತಿದ್ದರೆ ಆ್ಯಪ್‌ನಲ್ಲಿ ಸಬ್ ಸ್ಟ್ರೀಮ್ ಎಂಬುದನ್ನು ಆರಿಸಿದರೆ ಸಾಕು. ಇದರಲ್ಲಿ ಕಷ್ಟವೇನೂ ಇಲ್ಲ. ಕಷ್ಟವಿರುವುದು, ಯಾರು ನೋಡಬೇಕು ಮತ್ತು ಏನನ್ನು ನೋಡಬಾರದು ಎಂಬಲ್ಲಿ.

ಕ್ಯಾಮೆರಾ ಹಾಕಿದಾಗ ನಾವು ಬಲಿಪೀಠದ ಮುಂದೆ ನಿಂತು ಒಂದು ಮಾತು ಕೊಟ್ಟಿದ್ದೆವು. ಗ್ರೊಟ್ಟೊದಲ್ಲಿ ಮೊಣಕಾಲೂರಿ ಪ್ರಾರ್ಥಿಸುವವರನ್ನು ಯಾರೂ ನೋಡುವುದಿಲ್ಲ, ಡಬ್ಬಿಗೆ ಮಾತ್ರ ಕಾವಲು ಎಂದು ಹೇಳಿದ್ದೆವು. ಚೌಕುಳಿಗಳಲ್ಲಿ ಆ ಜಾಗವನ್ನು ಬಿಟ್ಟಾಗ ಮಾತು ಉಳಿಯಿತೆಂದೇ ತಿಳಿದಿದ್ದೆವು. ನಾಲ್ಕಾರು ವಾರಗಳ ನಂತರ, ದಿನವೂ ಸಂಜೆ ಬಂದು ಕೂರುತ್ತಿದ್ದ ಒಬ್ಬ ವಿಧವೆ ಕಾಣದಾದರು. ವಾಳೆಯ ಗುರಿಕಾರರ ಮೂಲಕ ವಿಚಾರಿಸಿದರೆ ಉತ್ತರ ಬರಲಿಲ್ಲ. ನಾವೇ ಹೋದೆವು. ಬಹಳ ಹೊತ್ತಿನ ಮೇಲೆ ಹೇಳಿದರು: "ಮಂಡಳಿಯವರೊಬ್ಬರು ಅಂಗಡಿಯಲ್ಲಿ ಸಿಕ್ಕಿ, 'ನಿನ್ನೆ ಅರ್ಧ ಗಂಟೆ ಅತ್ತಿರಲ್ಲ ಬಾಯಿ, ಏನಾಯಿತು?' ಅಂತ ಕೇಳಿದರು ಫಾದರ್. ಅವರು ಒಳ್ಳೆಯದಕ್ಕೇ ಕೇಳಿದ್ದು. ಆದರೆ ನಾನು ಅತ್ತದ್ದು ಮಾತೆಯ ಎದುರು."

ಆ ಸಂಜೆ ನಮಗೆ ತಿಳಿದ ಸಂಗತಿಯನ್ನು ಬಹಳ ಮಂದಿ ತಿಳಿದಿರಲಾರರು. ಚಲನೆಯ ಚೌಕುಳಿಯಿಂದ ಒಂದು ಜಾಗವನ್ನು ಬಿಡುವುದೆಂದರೆ ಅಲ್ಲಿ ಚಲನೆಯಾದರೆ ಎಚ್ಚರಿಸಬೇಡ ಎಂದಷ್ಟೇ ಅರ್ಥ. ಕ್ಯಾಮೆರಾ ಆ ಜಾಗವನ್ನು ನೋಡುತ್ತಲೇ ಇರುತ್ತದೆ, ನೇರ ವೀಕ್ಷಣೆಯಲ್ಲಿ ತೋರಿಸುತ್ತಲೇ ಇರುತ್ತದೆ, ಬರೆಯುತ್ತಿದ್ದರೆ ಬರೆಯುತ್ತಲೂ ಇರುತ್ತದೆ. ಕಾಣಲೇಬಾರದೆಂದರೆ ಬೇರೊಂದು ಪುಟದಲ್ಲಿ ಪ್ರೈವೆಸಿ ಮಾಸ್ಕ್ ಎಂಬುದಿದೆ. ಅಲ್ಲಿ ಪರದೆಯ ಮೇಲೆ ಒಂದು ಕಪ್ಪು ಚೌಕವನ್ನು ಎಳೆದಿಟ್ಟರೆ, ಆ ಭಾಗ ಕ್ಯಾಮೆರಾದಿಂದ ಹೊರಬರುವಾಗಲೇ ಮುಚ್ಚಿಹೋಗುತ್ತದೆ. ನೋಡುವವರಿಗೂ ಇಲ್ಲ, ಡಿಸ್ಕಿನಲ್ಲೂ ಇಲ್ಲ. ನಾವು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡಿದ್ದೇವೆಂದು ಭಾವಿಸಿದ್ದೆವು. ಅಜ್ಞಾನದಿಂದಲೇ ಆದರೂ ಬಲಿಪೀಠದ ಮುಂದೆ ಕೊಟ್ಟ ಮಾತು ಸುಳ್ಳಾಗಿತ್ತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಆ ದಾವೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ ಒಬ್ಬ ಹೆಂಗಸು ಮಾತೆಯ ಎದುರು ಅಳುವುದನ್ನು ನೋಡಬಾರದೆಂದು ತಿಳಿಯಲು ಸುಪ್ರೀಂ ಕೋರ್ಟು ಬೇಕಾಗಿರಲಿಲ್ಲ.

ಮರುದಿನವೇ ಕಪ್ಪು ಚೌಕ ಎಳೆದೆವು. ನೇರ ವೀಕ್ಷಣೆಯನ್ನು ಹನ್ನೊಂದು ಮೊಬೈಲುಗಳಿಂದ ತೆಗೆದು ಸೇವಕರ ಮೊಬೈಲಿಗೂ ಕಚೇರಿಯ ಪರದೆಗೂ ಸೀಮಿತಗೊಳಿಸಿದೆವು. ಇಬ್ಬರು ಸದಸ್ಯರಿಗೆ ಇದು ಅವಮಾನವೆನಿಸಿತು. ಒಬ್ಬರು ಇಂದಿಗೂ ನಮ್ಮೊಡನೆ ಮಾತು ಕಡಿಮೆ ಮಾಡಿದ್ದಾರೆ.

ಇದಾದ ನಂತರ ಎಲ್ಲ ಕ್ಯಾಮೆರಾಗಳ ಎಲ್ಲ ಪುಟಗಳನ್ನೂ ತೆರೆದು ನೋಡುವ ಹಟ ನಮಗೆ ಬಂದಿತು. ಒಂದು ಶನಿವಾರ ಸಂಜೆ ಪಕ್ಕದ ಬಾಗಿಲನ್ನು ಕಾಯುವ ಕ್ಯಾಮೆರಾದ ನೇರ ವೀಕ್ಷಣೆಯನ್ನು ಕಚೇರಿಯಲ್ಲಿ ತೆರೆದಾಗ, ಬೆಂಚಿನಲ್ಲಿ ಕುಳಿತ ಇಬ್ಬರು ತಾಯಂದಿರು ಬಂಗುಡೆಯ ಬೆಲೆಯ ಬಗ್ಗೆ ಮಾತಾಡುವುದು ನಮಗೆ ಸ್ಪಷ್ಟವಾಗಿ ಕೇಳಿಸಿತು. ಕ್ಯಾಮೆರಾದಲ್ಲಿ ಮೈಕ್ ಇತ್ತು, ಅದು ಕಾರ್ಖಾನೆಯಿಂದಲೇ ತೆರೆದಿತ್ತು. ಆ ಬೆಂಚಿನಿಂದ ಪಾಪನಿವೇದನೆಯ ಪೀಠಕ್ಕೆ ನಾಲ್ಕು ಹೆಜ್ಜೆ. ಅವರು ಬಂದಿದ್ದದ್ದು ಪಾಪನಿವೇದನೆಗೆ. ನಾವು ಹೋಗಿ ಕೂರಬೇಕಾಗಿದ್ದದ್ದು ಅಲ್ಲಿಯೇ.

ಚರ್ಚಿನ ಕಾನೂನು ಸಂಹಿತೆಯ 983ನೆಯ ವಿಧಿಯು ಪಾಪನಿವೇದನೆಯ ಮುದ್ರೆಯನ್ನು ಯಾವ ಕಾರಣಕ್ಕೂ ಒಡೆಯಕೂಡದೆನ್ನುತ್ತದೆ. ಅಲ್ಲಿ ಆಡಿದ್ದು ಯಾವುದೋ ರೀತಿಯಲ್ಲಿ ಇತರರಿಗೆ ತಿಳಿದರೆ ಅವರೂ ಗೋಪ್ಯಕ್ಕೆ ಬದ್ಧರು. ಪಾಪನಿವೇದನೆಯ ಮಾತುಗಳನ್ನು ಯಂತ್ರದಿಂದ ಮುದ್ರಿಸಿಕೊಳ್ಳುವವರಿಗೆ ಬಹಿಷ್ಕಾರದ ದಂಡನೆಯನ್ನು ವಿಶ್ವಾಸ ಸಿದ್ಧಾಂತ ಮಂಡಳಿಯು 1988ರಲ್ಲಿಯೇ ಘೋಷಿಸಿತ್ತು. 2021ರ ಡಿಸೆಂಬರ್ 8ರಿಂದ ಜಾರಿಗೆ ಬಂದ ಪರಿಷ್ಕೃತ ಸಂಹಿತೆಯ 1386ನೆಯ ವಿಧಿಯಲ್ಲಿಯೂ ಯಂತ್ರದಿಂದ ಮುದ್ರಿಸಿಕೊಳ್ಳುವುದು ಅಪರಾಧವೆಂದಿದೆ. ಅರಿಯದೆ ಆದದ್ದು ಅಪರಾಧವಾಗದೆಂದು ನಾವು ಓದಿದ್ದೇವೆ. ಆ ಸಂಜೆ ಅದರಿಂದ ಸಮಾಧಾನ ಸಿಗಲಿಲ್ಲ. ಪೀಠದೊಳಗಿನ ಪಿಸುಮಾತು ಅಷ್ಟು ದೂರ ಕೇಳಿಸಿತ್ತೇ? ಬಹುಶಃ ಇಲ್ಲ. ಮುದ್ರಿತವಾದದ್ದನ್ನು ಕೇಳಿ ಖಚಿತಪಡಿಸಿಕೊಳ್ಳೋಣವೆಂದು ಒಬ್ಬರು ಸಲಹೆಯಿತ್ತರು. ಕೇಳಿ ನೋಡುವುದೇ ಕೂಡದೆಂದು ನಾವು ಹೇಳಿದೆವು. ಮೈಕ್ ನಿಲ್ಲಿಸಿ, ಆ ಕ್ಯಾಮೆರಾದ ಮುದ್ರಣವನ್ನೆಲ್ಲ ಕೇಳದೆ ಅಳಿಸಿ, ಕ್ಯಾಮೆರಾವನ್ನು ಬಾಗಿಲ ಹೊರಗೆ ಸರಿಸಿದೆವು. ಆ ದಿನದ ಪಾಪನಿವೇದನೆ ಅರ್ಧ ಗಂಟೆ ತಡವಾಗಿ, ಸಕ್ರಿಸ್ತಿಯಲ್ಲಿ ನಡೆಯಿತು. ಭಾನುವಾರ ಮೂರೂ ಬಲಿಪೂಜೆಗಳಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳಿದೆವು. ಹೇಳದಿದ್ದರೆ ನಡೆಯುತ್ತಿತ್ತೆಂದು ಕೆಲವರಿಗೆ ಅನಿಸಿದೆ. ಹೇಳದೆ ಆ ಪೀಠದಲ್ಲಿ ಕೂರುವುದು ನಮಗೆ ಸಾಧ್ಯವಿರಲಿಲ್ಲ. ಮೈಕಿನ ಗುಂಡಿ ಬಹುತೇಕ ಕ್ಯಾಮೆರಾಗಳಲ್ಲಿ ಆಡಿಯೊ ಎಂಬ ಪುಟದಲ್ಲಿ ಇರುತ್ತದೆ.

ಪಾಸ್‌ವರ್ಡ್ ಬಗ್ಗೆ ಒಂದು ಮಾತು, ಚುಟುಕಾಗಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವೊಂದು ಕಾರ್ಖಾನೆಯ ಪಾಸ್‌ವರ್ಡ್‌ಗಳ ಸುಮಾರು 60 ಜೋಡಿಗಳ ಪಟ್ಟಿ ಹಿಡಿದು, ಅಂತರ್ಜಾಲದಲ್ಲಿ ಸಿಕ್ಕ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳ ಬಾಗಿಲು ತಟ್ಟುತ್ತ ಹೋಯಿತು. ಲಕ್ಷಾಂತರ ಬಾಗಿಲುಗಳು ತೆರೆದವು. ಅಕ್ಟೋಬರ್ 21ರಂದು ಆ ಸೈನ್ಯ ಅಮೆರಿಕದ ಡೈನ್ ಎಂಬ ಸಂಸ್ಥೆಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ಅನೇಕರಿಗೆ ಸಿಗದಾದವು. ಯಾರದೋ ಮನೆಯ ತೊಟ್ಟಿಲು ಕಾಯುವ ಕ್ಯಾಮೆರಾ ಮಾಲೀಕನಿಗೆ ಗೊತ್ತಿಲ್ಲದೆ ದರೋಡೆಕೋರರ ಕೂಲಿಯಾಗಿತ್ತು. ಆದುದರಿಂದ ಕಾರ್ಖಾನೆಯ ಪಾಸ್‌ವರ್ಡ್ ಬದಲಾಯಿಸಿರಿ. ಹೊರಗಿನಿಂದ ನೋಡಲು ಸುಲಭವಾಗಲೆಂದು ರೂಟರ್‌ನಲ್ಲಿ ಬಾಗಿಲು ತೆರೆದಿಡಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಳವಡಿಸಿದವರ ಬಳಿ ನಿಮ್ಮ ಪಾಸ್‌ವರ್ಡ್ ಇನ್ನೂ ಇದೆಯೇ ಎಂದೂ ಯೋಚಿಸಿರಿ.

ಇಷ್ಟೆಲ್ಲ ಕಲಿತ ನಮಗೆ ಇನ್ನೊಂದು ಪಾಠ ಉಳಿದಿತ್ತು. ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಒಂಟಿಯಾಗಿರುವ ಒಬ್ಬ ವೃದ್ಧೆಯ ಮನೆಗೆ ಹೋಗುತ್ತೇವೆ. ಹಿರಿಯ ಮಗ ಕುವೈತಿನಲ್ಲಿ, ಕಿರಿಯವ ಬೆಂಗಳೂರಿನಲ್ಲಿ. ಎರಡು ವರ್ಷಗಳ ಹಿಂದೆ ಅವರು ಬಾವಿಕಟ್ಟೆಯ ಬಳಿ ಬಿದ್ದು ಎರಡು ಗಂಟೆ ಯಾರಿಗೂ ತಿಳಿಯದೆ ಮಲಗಿದ್ದರು. ಅದರ ಮೇಲೆ ಮಕ್ಕಳು ಚಾವಡಿ, ಅಡುಗೆಮನೆಯ ದಾರಿ, ಮಲಗುವ ಕೋಣೆ ಎಲ್ಲೆಡೆ ಕ್ಯಾಮೆರಾ ಇಟ್ಟರು. ಮಕ್ಕಳ ಭಯ ನಿಜವಾದದ್ದು. ಅಮ್ಮನ ಮಾತೂ ನಿಜವೇ: "ಅವನು ನೋಡುವುದು ಸಮಾಧಾನವೇ ಫಾದರ್. ಆದರೆ ಯಾವಾಗ ನೋಡುತ್ತಾನೆಂದು ಗೊತ್ತಾಗುವುದಿಲ್ಲವಲ್ಲ. ಸೀರೆ ಬದಲಿಸಲು ನಾನು ಬಚ್ಚಲಿಗೆ ಹೋಗುತ್ತೇನೆ." ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜೆರೆಮಿ ಬೆಂಥಮ್ ಒಂದು ಸೆರೆಮನೆಯ ನಕ್ಷೆ ಬರೆದಿದ್ದ. ನಡುಗೋಪುರದ ಕಾವಲುಗಾರ ಕೈದಿಗೆ ಕಾಣುವುದಿಲ್ಲ, ಆದುದರಿಂದ ಕೈದಿ ಸದಾ ಯಾರೋ ನೋಡುತ್ತಿದ್ದಾರೆಂಬಂತೆ ಬಾಳಬೇಕು. ಮಕ್ಕಳು ಪ್ರೀತಿಯಿಂದ ಕಟ್ಟಿದ್ದು ಅದನ್ನೇ. ಹೀಗೆಂದು ಕುವೈತಿನ ಮಗನಿಗೆ ಫೋನಿನಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಅಮ್ಮ ಬಿದ್ದರೆ ನನಗೆ ತಿಳಿಯುವುದು ಹೇಗೆ ಫಾದರ್?" ಎಂದರು.

ದಾರಿ ಸೂಚಿಸಿದವನು ಗಡಿಯಾರದ ತಪ್ಪು ಹಿಡಿದ ಆ ವಿದ್ಯಾರ್ಥಿಯೇ. ಮಲಗುವ ಕೋಣೆಯ ಕ್ಯಾಮೆರಾ ತೆಗೆದೆವು. ಅಡುಗೆಮನೆಯ ದಾರಿಯ ಕ್ಯಾಮೆರಾದಲ್ಲಿ ಬಾಗಿಲಿನ ಚೌಕಗಳನ್ನು ಮಾತ್ರ ಆರಿಸಿ, ಬೆಳಗಿನ ಆರರಿಂದ ಎಂಟರವರೆಗೆ ಚಲನೆ ಕಂಡರೆ ಸಂದೇಶ ಹೋಗುವಂತೆ ಹೊಂದಿಸಿದೆವು. ಕುವೈತಿನಲ್ಲಿ ಆಗ ನಸುಕಿನ ಮೂರೂವರೆ, ಆದುದರಿಂದ ಸಂದೇಶ ಬೆಂಗಳೂರಿನ ಮಗನಿಗೆ. ಸಂದೇಶ ಬಂದರೆ ಅಮ್ಮ ಎದ್ದಿದ್ದಾರೆ ಎಂದರ್ಥ, ತೆರೆದು ನೋಡಬೇಕಾಗಿಯೇ ಇಲ್ಲ. ಎಂಟು ಗಂಟೆಯವರೆಗೂ ಬಾರದಿದ್ದರೆ ಮೊದಲು ಅಮ್ಮನಿಗೆ ಫೋನು, ಅವರು ಎತ್ತದಿದ್ದರೆ ನೆರೆಮನೆಯವರಿಗೆ. ಚಾವಡಿಯ ಕ್ಯಾಮೆರಾದ ನೇರ ವೀಕ್ಷಣೆ ಅಮ್ಮನಿಗೆ ಹೇಳಿ ಮಾತ್ರ.

ಕಳೆದ ತಿಂಗಳು ಒಂದು ಬೆಳಿಗ್ಗೆ ಸಂದೇಶ ಬರಲಿಲ್ಲ, ಫೋನನ್ನೂ ಯಾರೂ ಎತ್ತಲಿಲ್ಲ. ನೆರೆಮನೆಯವರು ಉಸಿರುಗಟ್ಟಿ ಓಡಿದರು. ಕರೆಂಟ್ ಹೋಗಿ ರೂಟರ್ ಸತ್ತಿತ್ತು. ಅಮ್ಮ ಹಿತ್ತಿಲಲ್ಲಿ ಬಸಳೆ ಕೊಯ್ಯುತ್ತಿದ್ದರು. ಈಗ ರೂಟರ್‌ಗೂ ಕ್ಯಾಮೆರಾಕ್ಕೂ ಒಂದು ಸಣ್ಣ ಬ್ಯಾಟರಿ ಇಟ್ಟಿದ್ದಾರೆ. ಆ ಬಸಳೆಯ ಒಂದು ಕಟ್ಟು ನಮ್ಮ ಮನೆಗೂ ಬಂದಿತು.